ಗೋಡೆ ಮೇಲೆ ಕೆಂಪು ಗುರುತು ಬಿದ್ದಿದೆ, ಸಂಘ ಎಲ್ಲಿಂದ ಕಟ್ಟೋದು?

ಪ್ರಶ್ನೆ: ಅಕ್ಕಾ, ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದಲ್ಲಿ ಒಂದು ರಾಜಕಾಲುವೆ ಪಕ್ಕ ನಮ್ಮದು ಸುಮಾರು 140 ಮನೆ. ಮುಂದಿನ ಎರಡು ಸಾಲು ಶೀಟಿನ ಮನೆ, ಹಿಂದೆಲ್ಲ ಟಾರ್ಪಾಲ್ ಗುಡಿಸಲು. ನಾವು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಹತ್ತು ಹನ್ನೆರಡು ವರ್ಷವಾಯಿತು. ತಮಿಳಿನವರು ಇಪ್ಪತ್ತೈದು ವರ್ಷದಿಂದ ಇದ್ದಾರೆ. ಈಚೆಗೆ ಬಂಗಾಳ, ಅಸ್ಸಾಂ ಕಡೆಯ ಕೆಲವರು ಬಾಡಿಗೆಗೆ ಬಂದಿದ್ದಾರೆ. ಹೋದ ವಾರ ಇಬ್ಬರು ಬಂದು ಗೋಡೆಗಳಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂದು ಬಾಯಲ್ಲೇ ಹೇಳಿ ಹೋದರು. ಕಾಗದ ಏನೂ ಕೊಟ್ಟಿಲ್ಲ. ನಮ್ಮಲ್ಲೇ ಒಬ್ಬರು ಮುಖಂಡರು, ಮನೆಗೆ 2,000 ರೂಪಾಯಿ ಕೊಡಿ, ಸ್ಟೇ ತರುತ್ತೇನೆ ಅನ್ನುತ್ತಿದ್ದಾರೆ. ನಾನು ಡಿಗ್ರಿ ಮುಗಿಸಿ ಇಲ್ಲಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಸಂಘ ಕಟ್ಟೋಣ ಅಂತ ಹೆಂಗಸರು ನನ್ನ ಬೆನ್ನು ಬಿದ್ದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಣಿಕೆಯಿಂದ ಶುರು ಮಾಡಿ. ಸಂಘಕ್ಕೆ ಹೆಸರು, ಬ್ಯಾನರು, ಅಧ್ಯಕ್ಷರು, ನೋಂದಣಿ ಎಲ್ಲ ಆಮೇಲೆ. ನೀವೇ "ಸುಮಾರು 140 ಮನೆ" ಎಂದು ಬರೆದಿದ್ದೀರಿ. ಆ "ಸುಮಾರು" ಇರುವ ತನಕ ನಿಮ್ಮ ಪಟ್ಟಿಯನ್ನು ಬೇರೆ ಯಾರಾದರೂ ಬರೆಯುತ್ತಾರೆ.

ಇದನ್ನು ನಾನು ಕಲಿತದ್ದು ಸೋತು. ಸಂಘಟನೆಯ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಂದು ಕಡೆ 112 ಮನೆ ಇದ್ದವು. ಧರಣಿ, ಘೋಷಣೆ, ಮನವಿ ಪತ್ರ ಎಲ್ಲ ಜೋರಾಗಿಯೇ ನಡೆಯಿತು. ಬದಲಿ ಜಾಗ ಕೊಡುವ ಮಾತು ಬಂದಾಗ ಪಟ್ಟಿ ತನ್ನಿ ಎಂದರು. ಪಟ್ಟಿ ಇದ್ದದ್ದು ಒಬ್ಬರ ಹತ್ತಿರ. ಅವರು ಕಚೇರಿಗೆ ಹೋಗಿ ಬಂದ ಮೇಲೆ ನಮ್ಮ ಕೈಗೆ ಸಿಕ್ಕಿದ ಪ್ರತಿಯಲ್ಲಿ 61 ಹೆಸರು. ಅದರಲ್ಲಿ ಒಂಬತ್ತು ಮಂದಿಯನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಉಳಿದವರು ಕೋರ್ಟಿಗೆ ಹೋಗಲು ನೋಡಿದರೆ, ತಾವು ಅಲ್ಲಿ ಇದ್ದೆವು ಅನ್ನುವುದಕ್ಕೆ ಒಂದು ಚೂರು ಕಾಗದ ಇರಲಿಲ್ಲ. ಅಷ್ಟು ಹೊತ್ತಿಗೆ ಮನೆಯೂ ಇರಲಿಲ್ಲ.

ಎಣಿಸುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಅರ್ಧಕ್ಕರ್ಧ ಇಲ್ಲೇ ಇದೆ. ಓಣಿಗೆ ಇಬ್ಬರಂತೆ ಹೆಂಗಸರನ್ನು ಆರಿಸಿಕೊಳ್ಳಿ, ಒಬ್ಬರಿಗೆ ಬರೆಯಲು ಬಂದರೆ ಸಾಕು. ಮೊದಲು ಪ್ರತಿ ಬಾಗಿಲಿಗೆ ನಂಬರು ಹಾಕಿ. ಸೀಮೆಸುಣ್ಣ ಬೇಡ, ಒಂದು ಮಳೆಗೆ ಹೋಗುತ್ತದೆ. ಎಣ್ಣೆ ಬಣ್ಣದ ಸಣ್ಣ ಡಬ್ಬ ತನ್ನಿ, ಅವರ ಕೆಂಪಿಗೆ ನಿಮ್ಮದು ನೀಲಿ ಇರಲಿ. ಆಮೇಲೆ ಮನೆ ಮನೆಗೆ ಕೂತು ಬರೆಯಿರಿ: ಯಾರು ಯಾರಿದ್ದಾರೆ, ಯಾವ ವರ್ಷ ಬಂದರು, ಏನು ಕೆಲಸ, ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತಾರೆ, ಮಕ್ಕಳು ಯಾವ ಶಾಲೆ, ಯಾವ ಅಂಗನವಾಡಿ. ಮನೆ ಮುಂದೆ ಇಡೀ ಕುಟುಂಬ ನಿಂತ ಫೋಟೋ ಒಂದು, ಬಾಗಿಲಿನ ನಂಬರು ಕಾಣುವ ಹಾಗೆ.

ವರ್ಷ ಕೇಳಿದರೆ ಜನಕ್ಕೆ ನೆನಪಿರುವುದಿಲ್ಲ. "ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಬಂದೆವು" ಅನ್ನುತ್ತಾರೆ. ಅದು ಪುರಾವೆಯೇ. ಆ ಮಗಳ ತಾಯಿ ಕಾರ್ಡ್ ಕೇಳಿ. ಅದರಲ್ಲಿ ಆರೋಗ್ಯ ಕೇಂದ್ರದ ಸೀಲು, ತಾರೀಖು, ಎಷ್ಟೋ ಸಲ ವಿಳಾಸವೂ ಇರುತ್ತದೆ. ಒಂದು ಸಲ ಒಬ್ಬ ಅಜ್ಜಿ, ನನ್ನ ಹತ್ತಿರ ಯಾವ ಕಾಗದವೂ ಇಲ್ಲ ಎಂದು ಬಾಗಿಲು ಹಾಕಿಕೊಂಡಿದ್ದರು. ಎರಡನೇ ದಿನ ಹೋದಾಗ ಟ್ರಂಕಿನ ತಳಕ್ಕೆ ಹಾಸಿದ್ದ ಹಾಳೆ ಎತ್ತಿ ತೋರಿಸಿದರು. ಮೊಮ್ಮಗನ ಚುಚ್ಚುಮದ್ದಿನ ಕಾರ್ಡು, ಹದಿನಾಲ್ಕು ವರ್ಷ ಹಳೆಯದು, ಒಂದು ಮೂಲೆ ಗೆದ್ದಲು ತಿಂದಿತ್ತು. ಆ ಓಣಿಯಲ್ಲಿ ಎಲ್ಲರಿಗಿಂತ ಹಳೆಯ ದಾಖಲೆ ಅದೇ ಆಯಿತು. ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ, ಆಧಾರ್ ಇದ್ದರೆ ಸರಿ. ಇಲ್ಲದವರ ಹತ್ತಿರ ಬೆಸ್ಕಾಂ ಬಿಲ್ಲು, ಗ್ಯಾಸ್ ಪುಸ್ತಕ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಚೀಟಿ ಕಟ್ಟಿದ ಪುಸ್ತಕ ಏನಾದರೊಂದು ಸಿಕ್ಕೇ ಸಿಗುತ್ತದೆ. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ನಿಮ್ಮ ಬಡಾವಣೆಯ ಹೊರಗಿರುವ ನಂಬಿಕಸ್ಥರೊಬ್ಬರಿಗೂ ಕಳಿಸಿ ಇಡಿ. ಕಾಗದದ ಪಟ್ಟಿ ಮೂರು ಪ್ರತಿ ಇರಲಿ, ಮೂರೂ ಬೇರೆ ಬೇರೆ ಹೆಂಗಸರ ಮನೆಯಲ್ಲಿ. ನಿಮ್ಮ ಮನೆಯಲ್ಲಿ ಮಾತ್ರ ಬೇಡ. ನೀವು ಓದಿದವರು, ಎಲ್ಲ ನಿಮ್ಮ ಕೈಗೇ ಬಂದು ಬೀಳುತ್ತದೆ, ಬೀಳಲು ಬಿಡಬೇಡಿ.

ಈ ಎಣಿಕೆ ನನ್ನ ಹೊಸ ಶೋಧವೇನಲ್ಲ. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಮುಂಬೈಗೆ ಹೋದ ಜೋಕಿನ್ ಅರ್ಪುತಂ ಮಾನ್‌ಖುರ್ದ್‌ನ ಜನತಾ ಕಾಲೊನಿಯಲ್ಲಿ ಸಂಘಟನೆ ಶುರು ಮಾಡಿದವರು. ಪಾಲಿಕೆಯವರು ಕಸ ಎತ್ತುತ್ತಿರಲಿಲ್ಲ. ಇವರು ಮಕ್ಕಳ ಕೈಗೆ ಒಂದೊಂದು ಪೊಟ್ಟಣ ಕಸ ಕೊಟ್ಟು, ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಿ ಪಾಲಿಕೆ ಕಚೇರಿ ಮುಂದೆ ಸುರಿಸಿದರು. ಆ ಕಾಲೊನಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಪಕ್ಕದ ಅಣುಶಕ್ತಿ ಸಂಸ್ಥೆಗೆ ಜಾಗ ಬೇಕೆಂದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅದನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಕಟ್ಟಿದವರೂ ಜೋಕಿನ್ ಅವರೇ. 1985ರಲ್ಲಿ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಮುಂಬೈನ ಫುಟ್‌ಪಾತ್ ವಾಸಿಗಳನ್ನು ಆ ವಾಸಿಗಳ ಜೊತೆಗೂಡಿಯೇ ಎಣಿಸಿತು. ಫುಟ್‌ಪಾತಿನವರು ಇಂದು ಬಂದು ನಾಳೆ ಹೋಗುವವರು ಎಂಬ ಮಾತಿಗೆ ಆ ಲೆಕ್ಕವೇ ಉತ್ತರವಾಯಿತು. ಬಹುತೇಕರು ವರ್ಷಗಟ್ಟಲೆ ಅಲ್ಲೇ ಇದ್ದು, ಅಲ್ಲೇ ಹತ್ತಿರ ದುಡಿಯುವವರಾಗಿದ್ದರು. ಸ್ಪಾರ್ಕ್, ಜೋಕಿನ್ ಅವರ ಒಕ್ಕೂಟ ಮತ್ತು ಫುಟ್‌ಪಾತ್ ಹೆಂಗಸರ ಉಳಿತಾಯ ಗುಂಪುಗಳ ಮಹಿಳಾ ಮಿಲನ್, ಈ ಮೂರೂ ಆಮೇಲೆ ಒಟ್ಟಿಗೇ ಕೆಲಸ ಮಾಡಿದವು.

ಇನ್ನು ಕೆಂಪು ಗುರುತಿಗೆ ಬರೋಣ. ಗುರುತು ನೋಟಿಸ್ ಅಲ್ಲ. ಹಾಗಂತ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ, ಯಾರೋ ಗೆರೆ ಎಳೆದಿದ್ದಾರೆ ಎಂದೇ ಅರ್ಥ. ಆ ಇಬ್ಬರು ಯಾರು, ಪಾಲಿಕೆಯವರೋ, ಕಂದಾಯ ಇಲಾಖೆಯವರೋ, ಜಾಗ ನನ್ನದು ಅನ್ನುವ ಖಾಸಗಿ ಆಸಾಮಿ ಕಳಿಸಿದವರೋ? ನಿಮ್ಮ ಪತ್ರದಲ್ಲಿ ಅದು ಇಲ್ಲ, ಬಹುಶಃ ನಿಮಗೂ ಗೊತ್ತಿಲ್ಲ. ಇದು ಗೊತ್ತಾಗದೆ ಯಾವ ವಕೀಲರೂ ಏನೂ ಮಾಡಲಾರರು, ಏಕೆಂದರೆ ಜಾಗ ಯಾರದು ಎನ್ನುವುದರ ಮೇಲೆ ಕಾನೂನು ಬದಲಾಗುತ್ತದೆ. ಸರ್ಕಾರಿ ಆಸ್ತಿಯಾದರೆ ಸಾಮಾನ್ಯವಾಗಿ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆ: ಕಾರಣ ಕೇಳಿ ನೋಟಿಸು, ವಿಚಾರಣೆ, ಆದೇಶ, ಮೇಲ್ಮನವಿ ಎಲ್ಲ ಅದರಲ್ಲಿದೆ. ಕಂದಾಯ ಭೂಮಿಯಾದರೆ ತಹಶೀಲ್ದಾರರ ಕೈಯಲ್ಲಿ 1964ರ ಭೂ ಕಂದಾಯ ಕಾಯ್ದೆ. ರೈಲ್ವೆಯಾದರೆ ಕೇಂದ್ರದ 1971ರ ಕಾಯ್ದೆ. ಖಾಸಗಿಯವರ ಜಾಗವಾದರೆ ಅವರು ಸಿವಿಲ್ ಕೋರ್ಟಿಗೆ ಹೋಗಬೇಕು, ಪೊಲೀಸರನ್ನೋ ಹುಡುಗರನ್ನೋ ಕರೆದುಕೊಂಡು ಬರುವ ಹಾಗಿಲ್ಲ.

ತಿಳಿದುಕೊಳ್ಳುವುದು ಕಷ್ಟವಲ್ಲ. ಮೊಬೈಲಿನಲ್ಲಿ ದಿಶಾಂಕ್ ಎಂಬ ಆ್ಯಪ್ ಹಾಕಿಕೊಂಡು ಓಣಿಯಲ್ಲಿ ನಿಂತರೆ ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಗ್ರಾಮ ನಕಾಶೆ ತಂದು ಕಾಲುವೆಯ ಗೆರೆ ಎಲ್ಲಿ ಹೋಗುತ್ತದೆ ನೋಡಿ. "ಬಿ ಖರಾಬು" ಎಂದಿದ್ದರೆ ಅದು ಸಾರ್ವಜನಿಕ ಬಳಕೆಯ ಜಾಗ, ಹೋರಾಟ ಕಠಿಣ. ಕಾಲುವೆಯ ಅಳತೆ ಒಂದು ಕಡೆ, ಬಣ್ಣದ ಗುರುತು ಇನ್ನೊಂದು ಕಡೆ ಇರುವುದೂ ಉಂಟು. ಆದ್ದರಿಂದ, ನಿವಾಸಿಗಳ ಎದುರಿನಲ್ಲೇ ಜಂಟಿ ಸರ್ವೆ ಮಾಡಿ ಎಂದು ಮೊದಲ ಅರ್ಜಿ ಹಾಕಿ. ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಗುಮಾಸ್ತರು "ಇಟ್ಟು ಹೋಗಿ, ನೋಡ್ತೀವಿ" ಅನ್ನುತ್ತಾರೆ. ಇಟ್ಟು ಹೋದ ಅರ್ಜಿ ಹಾಕದ ಅರ್ಜಿಗೆ ಸಮ. ಅದೇ ದಿನ ಮಾಹಿತಿ ಹಕ್ಕಿನಲ್ಲಿ ಸರ್ವೆ ವರದಿ, ತೆರವು ಆದೇಶದ ಪ್ರತಿ ಕೇಳಿ. 30 ದಿನದ ಗಡುವು ಅದು, ನಿಮಗೆ ತಡವಾಗಬಹುದು. ಆದರೂ ಅರ್ಜಿ ಹಾಕಿದ್ದೇ ಒಂದು ದಾಖಲೆ.

ಈಗ ಒಂದು ಕಹಿ ಮಾತು. "ಸುಪ್ರೀಂ ಕೋರ್ಟ್ ಹೇಳಿದೆ, 15 ದಿನದ ನೋಟಿಸ್ ಇಲ್ಲದೆ ಯಾರ ಮನೆಯನ್ನೂ ಒಡೆಯುವಂತಿಲ್ಲ" ಎಂಬ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. 2024ರ ನವೆಂಬರ್ 13ರ ತೀರ್ಪು ಅದು, ನಿಜವೇ. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ ಮತ್ತು ಜಲಮೂಲದಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೂ, ಕೋರ್ಟೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೂ ಈ ನಿರ್ದೇಶನ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ರಾಜಕಾಲುವೆ ಪಕ್ಕದವರಾದ ನೀವು ಅದೊಂದನ್ನೇ ನೆಚ್ಚಿ ಕೂತರೆ ಕೆಟ್ಟಿರಿ. ಹಿಂದಿನ ಸಾಲುಗಳು ಕಾಲುವೆಯ ಗೆರೆಯಿಂದ ಹೊರಗಿವೆ ಎಂದು ಜಂಟಿ ಸರ್ವೆಯಲ್ಲಿ ಸಾಬೀತಾದರೆ ಆ ಮನೆಗಳ ಮಟ್ಟಿಗೆ ಆ ತೀರ್ಪು ಕೆಲಸಕ್ಕೆ ಬರಬಹುದು. ಸರ್ವೆ ಸರ್ವೆ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಉಳಿದವರಿಗೆ ಆಸರೆ ಹಳೆಯ ತೀರ್ಪುಗಳಲ್ಲಿದೆ. 1981ರ ಮಳೆಗಾಲದಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳನ್ನು ಬಸ್ಸಿಗೆ ತುಂಬಿ ಹೊರಹಾಕಲು ಹೊರಟಾಗ ಹುಟ್ಟಿದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, 1985ರಲ್ಲಿ, ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಜನ ಮರೆಯುವ ಇನ್ನರ್ಧವನ್ನೂ ಹೇಳಿಬಿಡುತ್ತೇನೆ. ಆ ತೀರ್ಪು ತೆರವನ್ನು ತಪ್ಪಿಸಲಿಲ್ಲ. ಮಳೆಗಾಲ ಮುಗಿಯುವವರೆಗೆ ತಡೆಯಿತು, 1976ರ ಗಣತಿಯಲ್ಲಿ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಿ ಎಂದಿತು. ಎಣಿಕೆಯಲ್ಲಿದ್ದವರಿಗೆ ಜಾಗದ ಮಾತು, ಇಲ್ಲದವರಿಗೆ ಬರೀ ಅನುಕಂಪ. ದೆಹಲಿ ಹೈಕೋರ್ಟ್ 2010ರ ಸುದಾಮ ಸಿಂಗ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಕ್ಕಲೆಬ್ಬಿಸುವ ಮೊದಲು ಸಮೀಕ್ಷೆ ಮಾಡಿ, ಪುನರ್ವಸತಿಗೆ ಅರ್ಹರು ಯಾರೆಂದು ನೋಡಿ ಎಂದಿತು.

ನಿಮ್ಮವರಿಗೆ ತೀರ ಹತ್ತಿರದ್ದು 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು. ಬಾಂಗ್ಲಾದೇಶಿಗರು ಎಂದು ಹಣೆಪಟ್ಟಿ ಹಚ್ಚಿ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಅಸ್ಸಾಂ, ತ್ರಿಪುರದ ಕಡೆಯವರೂ ಇದ್ದರು, ಎಷ್ಟೋ ಜನರ ಕೈಯಲ್ಲಿ ಆಧಾರ್, ಮತದಾರರ ಚೀಟಿ ಎಲ್ಲ ಇತ್ತು. ಪ್ರಕರಣ ಹೈಕೋರ್ಟಿಗೆ ಹೋದಾಗ, ಒಕ್ಕಲೆಬ್ಬಿಸಲು ಪೊಲೀಸರಿಗೆ ಯಾವ ಕಾನೂನು ಅಧಿಕಾರ ಕೊಟ್ಟಿದೆ ಎಂದು ನ್ಯಾಯಪೀಠ ಕೇಳಿತು, ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮುಂದಿಟ್ಟಿತು.

ಇದರಿಂದ ನಿಮ್ಮ ಸಂಘಕ್ಕೆ ಒಂದು ನಿಯಮ ಹುಟ್ಟುತ್ತದೆ, ಮೊದಲ ಸಭೆಯಲ್ಲೇ ಇತ್ಯರ್ಥ ಮಾಡಿ. ಗುರುತು ಹಾಕಲು ಬಂದವರು ಮುಂದಿನ ಸಲ "ನಿಮಗೇನೂ ತೊಂದರೆ ಇಲ್ಲ, ಆ ಬಂಗಾಳದವರನ್ನು ಮಾತ್ರ ಕಳಿಸ್ತೀವಿ" ಅನ್ನಬಹುದು. ಇಲ್ಲವೇ "ಬಾಡಿಗೆಯವರ ಹೆಸರು ಬಿಡಿ, ಓನರುಗಳಿಗೆ ಮನೆ ಕೊಡಿಸ್ತೀವಿ" ಅನ್ನಬಹುದು. ಒಪ್ಪಿದ ದಿನ ನಿಮ್ಮ 140 ಮನೆ 90 ಆಗುತ್ತದೆ. ಮುಂದಿನ ವಾರ ಹನ್ನೆರಡು ವರ್ಷದವರು ಬೇರೆ, ಇಪ್ಪತ್ತೈದು ವರ್ಷದವರು ಬೇರೆ ಎಂದು 90 ನಲವತ್ತಾಗುತ್ತದೆ. ನಲವತ್ತು ಮನೆಗೆ ಒಂದು ಜೆಸಿಬಿ, ಅರ್ಧ ದಿನ. ಈಜಿಪುರದ ಕ್ವಾರ್ಟರ್ಸ್ ನೆನಪಿಸಿಕೊಳ್ಳಿ. ಬಡವರಿಗೆಂದು ಕಟ್ಟಿದ 1,512 ಮನೆಗಳ ಜಾಗ ಅದು, ಕೋರಮಂಗಲದ ಮಗ್ಗುಲಲ್ಲಿ. ಮೂಲ ಹಂಚಿಕೆದಾರರು ಯಾರು, ಬಾಡಿಗೆಯವರು ಯಾರು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2013ರ ಜನವರಿ ಚಳಿಯಲ್ಲಿ ಬುಲ್ಡೋಜರ್ ಬಂದಾಗ ಅದು ಎರಡೂ ಕಡೆಯವರ ಮೇಲೆ ಹರಿಯಿತು. ಎಷ್ಟೋ ಕುಟುಂಬಗಳು ಅದೇ ಕಾಂಪೌಂಡಿನ ಪಕ್ಕದ ಫುಟ್‌ಪಾತಿನಲ್ಲಿ ವರ್ಷಗಟ್ಟಲೆ ಬದುಕಿದವು.

ಬಾಡಿಗೆಯವರ ವಿಚಾರದಲ್ಲಿ ಓಣಿಯೊಳಗೇ ಜಗಳ ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಎರಡು ಮೂರು ಗುಡಿಸಲು ಹಾಕಿ ಬಾಡಿಗೆ ಎತ್ತುವವರಿಗೆ ಬಾಡಿಗೆಯವರ ಹೆಸರು ಪಟ್ಟಿಗೆ ಬರುವುದೇ ಬೇಡ. ನಾನು ಕಂಡ ಕಡೆ ನಡೆದ ಉಪಾಯ ಒಂದೇ: ಪಟ್ಟಿಯಲ್ಲಿ ಮಾಲೀಕ, ಬಾಡಿಗೆ ಎಂಬ ಕಲಂ ಇಡಬೇಡಿ. "ಈ ಮನೆಯಲ್ಲಿ ರಾತ್ರಿ ಮಲಗುವವರು ಯಾರು" ಅಷ್ಟೇ ಬರೆಯಿರಿ.

ಹಣದ ಮಾತು. 140 ಮನೆ, ಮನೆಗೆ 2,000 ಅಂದರೆ 2,80,000 ರೂಪಾಯಿ. ಯಾರ ಖಾತೆಗೆ, ಯಾವ ವಕೀಲರಿಗೆ, ರಸೀದಿ ಎಲ್ಲಿ? ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, 15100ಕ್ಕೆ ಕರೆ ಮಾಡಿ ಕೇಳಬಹುದು. ನಿಮ್ಮಲ್ಲಿ ಹೆಂಗಸರಿಲ್ಲದ ಮನೆ ಎಷ್ಟಿದ್ದೀತು? ಅರ್ಜಿದಾರರು ಅವರೇ ಆಗಲಿ. ಪ್ರತಿ ಮನೆಯವರ ಹೆಸರೂ ಅರ್ಜಿಯಲ್ಲೋ ಅದರ ಜೊತೆಗಿನ ಪಟ್ಟಿಯಲ್ಲೋ ಇರಲಿ. ಹತ್ತು ಜನರ ಹೆಸರಲ್ಲಿ ತಂದ ಸ್ಟೇಯನ್ನು "ಇದು ಆ ಹತ್ತು ಜನಕ್ಕೆ ಮಾತ್ರ" ಎಂದು ಓದುವ ಅಧಿಕಾರಿಗಳಿದ್ದಾರೆ. ನೋಟಿಸಿನ ವಾಸನೆ ಬಂದ ಕೂಡಲೇ ವಕೀಲರಿಗೆ ಹೇಳಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ, ಅದರ ವಿಚಾರವನ್ನೂ ಕೇಳಿ. ಆಗ ಎದುರು ಪಕ್ಷ ನಿಮಗೆ ತಿಳಿಸದೆ ಕೋರ್ಟಿನಿಂದ ಆದೇಶ ತರುವುದು ಕಷ್ಟವಾಗುತ್ತದೆ. ಸಂಘದ ಖರ್ಚಿಗೆ, ಅಂದರೆ ಜೆರಾಕ್ಸು, ಬಸ್ ಚಾರ್ಜು, ಬಣ್ಣದ ಡಬ್ಬಕ್ಕೆ, ವಾರಕ್ಕೆ ಮನೆಗೆ ಹತ್ತು ರೂಪಾಯಿ ಸಾಕು. ಲೆಕ್ಕವನ್ನು ಪ್ರತಿ ಭಾನುವಾರ ಎಲ್ಲರೆದುರು ಓದಿ ಹೇಳಿ. ಹತ್ತು ರೂಪಾಯಿ ಕೊಟ್ಟವರು ಸಭೆಗೆ ಬಂದು ಲೆಕ್ಕ ಕೇಳುತ್ತಾರೆ. 2,000 ಕೊಟ್ಟವರು ಕೆಲಸ ಆಯಿತಾ ಎಂದು ಮನೆಯಿಂದಲೇ ಕೂಗುತ್ತಾರೆ.

ಸ್ಲಂ ಘೋಷಣೆಗೂ ಅರ್ಜಿ ಹಾಕಿ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಂ ಪ್ರಕಾರ ಖಾಸಗಿ ಜಾಗವನ್ನೂ ಕೊಳಚೆ ಪ್ರದೇಶ ಎಂದು ಘೋಷಿಸಬಹುದು. ಶೇಷಾದ್ರಿಪುರದ ರಿಸಾಲ್ದಾರ್ ರಸ್ತೆಯಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕಚೇರಿ ಇದೆ. ಇದು ವರ್ಷಗಳ ಕೆಲಸ, ಈ ತಿಂಗಳೇ ಅದು ನಿಮ್ಮನ್ನು ಕಾಪಾಡುವುದಿಲ್ಲ. ಆದರೂ ಅರ್ಜಿಯ ಸೀಲು ಕೋರ್ಟಿನಲ್ಲಿ ಮಾತಾಡುತ್ತದೆ. ಶಾಸಕರನ್ನೂ ನೋಡಿ, ಐದು ಜನ ಅಲ್ಲ, ಐವತ್ತು ಹೆಂಗಸರು ಹೋಗಿ. ಮೊದಲು ಇಂಥ ಕೆಲಸಕ್ಕೆ ಕಾರ್ಪೊರೇಟರ್ ಮನೆ ಬಾಗಿಲು ಇರುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ, ಬಡವರ ಕೈಗೆ ಎಟುಕುತ್ತಿದ್ದ ಆ ಒಂದು ಮೆಟ್ಟಿಲು ಹೋಯಿತು. ಇದು ಎಷ್ಟು ದೊಡ್ಡ ನಷ್ಟ ಎಂದು ಓಣಿಯಲ್ಲಿ ನಿಂತವರಿಗೇ ಗೊತ್ತು.

ಬದಲಿ ಜಾಗ ಕೊಡುತ್ತೇವೆ ಎಂದರೆ ಕುಣಿಯಬೇಡಿ, ಬೈಯಲೂ ಬೇಡಿ. ಮೊದಲು ಬರಹದಲ್ಲಿ ಕೇಳಿ, ಆಮೇಲೆ ಹತ್ತು ಜನ ಬೆಳಿಗ್ಗೆ ಐದಕ್ಕೆ ಎದ್ದು ಆ ಜಾಗಕ್ಕೆ ಹೋಗಿ, ಅಲ್ಲಿಂದ ನಿಮ್ಮ ಕೆಲಸದ ಮನೆಗೆ ಬಸ್ಸಿನಲ್ಲಿ ಬಂದು ನೋಡಿ. ಈಜಿಪುರದವರಿಗೆ ತೋರಿಸಿದ್ದು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ. ಕೋರಮಂಗಲದ ಮೂರು ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಅಷ್ಟು ದೂರ ಅಂದರೆ ಎರಡು ಮನೆ ಕೆಲಸ ಹೋಯಿತು ಎಂದೇ. ಎಣಿಕೆಯಲ್ಲಿ ಕೆಲಸದ ದೂರ ಬರೆಸಿ ಎಂದದ್ದು ಇದಕ್ಕೆ.

ಜೆಸಿಬಿ ಬಂದೇಬಿಟ್ಟರೆ? ಹೆಚ್ಚಾಗಿ ಬೆಳಗಿನ ಜಾವ ಬರುತ್ತದೆ, ಅದೂ ಕೋರ್ಟಿಗೆ ರಜೆ ಇರುವ ದಿನಗಳ ಹಿಂದುಮುಂದೆ. ಶುಕ್ರವಾರ ಸಂಜೆಯೇ ವಕೀಲರ ನಂಬರು ಹತ್ತು ಜನರ ಮೊಬೈಲಿನಲ್ಲಿರಲಿ. ಮಕ್ಕಳನ್ನು, ವಯಸ್ಸಾದವರನ್ನು ಯಾವ ಮನೆಗೆ ಕಳಿಸುವುದು ಎಂದು ಮೊದಲೇ ತೀರ್ಮಾನಿಸಿ. ಒಬ್ಬರು ಆದೇಶದ ಪ್ರತಿ ಕೇಳಲಿ, ಒಬ್ಬರು ಅಧಿಕಾರಿಯ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಲಿ, ಇಬ್ಬರು ಬಿಡದೆ ವಿಡಿಯೋ ಮಾಡಲಿ. ಕಲ್ಲು ಎತ್ತುವ ಹುಡುಗರನ್ನು ಅವರ ಅಮ್ಮಂದಿರೇ ಹಿಡಿದುಕೊಳ್ಳಲಿ. ಒಂದು ಕಲ್ಲು ಬಿದ್ದರೆ ನಿಮ್ಮ ಪ್ರಕರಣ ತೆರವಿನದ್ದಾಗಿ ಉಳಿಯುವುದಿಲ್ಲ, ಹುಡುಗರ ಜಾಮೀನಿನದ್ದಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಅಕ್ರಮವಾಗಿ ಮನೆಯಿಂದ ಹೊರಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದನ್ನು ಜೋರಾಗಿ ಅಲ್ಲ, ಕಾಗದದಲ್ಲಿ ಹೇಳಿ.

ಆ ಮುಖಂಡರನ್ನು ಮಾತ್ರ ಶತ್ರು ಮಾಡಿಕೊಳ್ಳಬೇಡಿ. ಯಾವ ಕಚೇರಿಯಲ್ಲಿ ಯಾವ ಟೇಬಲ್ಲಿನ ಮೇಲೆ ಕಡತ ಕೂತಿದೆ ಎಂದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. "ಅಣ್ಣಾ, ದುಡ್ಡು ಆಮೇಲೆ ನೋಡೋಣ, ಸೋಮವಾರ ತಹಶೀಲ್ದಾರ್ ಆಫೀಸಿಗೆ ದಾರಿ ತೋರಿಸಿ" ಎಂದು ಕೇಳಿ. ಜೊತೆಗೆ ಇಬ್ಬರು ಹೆಂಗಸರನ್ನು ಕಳಿಸಿ, ಅರ್ಜಿ ಆ ಹೆಂಗಸರ ಕೈಯಲ್ಲಿರಲಿ, ಪಟ್ಟಿ ಮಾತ್ರ ಮನೆಯಲ್ಲೇ ಇರಲಿ.